ಅಳಿಯ ಬಿಡದೆ ಹಿಡಿದ ಕಾಲು

ಪುಟ್ಟಿ,

ನಿನ್ನ ಗಂಡನನ್ನು ಲಾಕಪ್ಪಿನಿಂದ ಬಿಡಿಸಿ ತರಲು ಠಾಣೆಗೆ ಹೊರಟಿದ್ದೇನೆ. ಕೆಳಮನೆಯ ದರ್ಜಿ ಜೊತೆಗಿದ್ದಾನೆ, ಗಾಬರಿಯಾಗಬೇಡ.

ನಿನ್ನೆ ಅವನು ನನ್ನನ್ನು ತಳ್ಳಲಿಲ್ಲ. ಎದೆ ಡವಡವ ಹೊಡೆದುಕೊಂಡು, ಕಣ್ಣು ಕತ್ತಲಿಟ್ಟು, ಮೆಟ್ಟಿಲಲ್ಲಿ ನಾನೇ ಬಿದ್ದು ತಲೆ ಒಡೆದುಕೊಂಡೆ. ಬಿ.ಪಿ. ಇಳಿದಾಗ ಕಾಲು ಎತ್ತಿ ಹಿಡಿಯಿರಿ ಎಂದು ಡಾಕ್ಟರು ಹೇಳಿದ್ದು ಅವನೊಬ್ಬನಿಗೇ ನೆನಪಿತ್ತು. ರಕ್ತ ಸುರಿಯುವ ಮುದುಕಿಯನ್ನು ಕಾಲು ಹಿಡಿದು ಎಳೆಯುತ್ತಿದ್ದಾನೆ ಎಂದುಕೊಂಡು ಬೀದಿಯವರು ಕಬ್ಬಿಣದ ಸರಳಿನಿಂದ ಬಡಿದರು, ಹಲ್ಲು ಮುರಿದರು. ನೀನೂ ಬಂದು ಚಪ್ಪಲಿಯಲ್ಲಿ ಹೊಡೆದೆಯಂತೆ. ನನಗೆ ಎಚ್ಚರವಾದ ಮೇಲಾದರೂ ಒಂದು ಮಾತು ಕೇಳಬಾರದಿತ್ತೇ? ಅವನು ಕೆಲಸಕ್ಕೆ ಹೋಗಿದ್ದಾನೆಂದು ನೀನು ನನಗೆ ಸುಳ್ಳು ಹೇಳಿದೆ.

ಬೆಳಿಗ್ಗೆ ದರ್ಜಿ ಬಂದು ಅತ್ತುಬಿಟ್ಟ. "ನಾನೂ ನಾಲ್ಕು ಬಾರಿಸ್ದೆ ಅಮ್ಮಾ. ಅಷ್ಟು ಏಟು ಬಿದ್ರೂ ಆಸಾಮಿ ನಿಮ್ಮ ಕಾಲು ಬಿಡ್ಲಿಲ್ಲ. 'ಇಳಿಸ್ಬೇಡ್ರೋ, ಅತ್ತೆ ಸತ್ತೋಗ್ತಾರೆ' ಅಂತಾನೇ ಇದ್ದ."

ಉಪ್ಪು ಹಾಕಿದ ನೀರು ಕುಡಿದಿದ್ದೇನೆ. ಎದೆ ಇನ್ನೂ ಹೊಡೆದುಕೊಳ್ಳುತ್ತಿದೆ, ಇರಲಿ.

ಅನ್ನ ಮೆತ್ತಗೆ ಬೇಯಿಸಿಡು, ಅವನಿಗೆ ಅಗಿಯಲಾಗದು. ನಾವು ಬಂದಾಗ ಬಾಗಿಲು ನೀನೇ ತೆಗೆ. ಅವನಿಗೆ ಏನು ಹೇಳಬೇಕೆಂದು ನಾನು ಹೇಳಿಕೊಡುವುದಿಲ್ಲ.

ಅಮ್ಮ