ಉತ್ತಮ ಕೇಳುಗನ ಗಂಟಲು

ಅಕ್ಕಾ, ಸುಖವಾಗಿ ತಲುಪಿದೆ. ಕೆಲಸದ ಜಾಗದಲ್ಲಿ ಒಬ್ಬರ ಮಾತನ್ನೊಬ್ಬರು ಕೇಳಿಸಿಕೊಳ್ಳುವುದು ಹೇಗೆಂದು ಕಲಿಯಲು ಕಾರ್ಖಾನೆಯವರು ನಮ್ಮನ್ನು ಇಷ್ಟು ದೂರ ಅಟ್ಟಿದ್ದಾರಲ್ಲ, ಕಲಿಸುವ ಮಹಾನುಭಾವ ಬೆಳಗಿನಿಂದ ತಾನೊಬ್ಬನೇ ಮಾತಾಡಿದ. ಅವನ ಬೆನ್ನ ಹಿಂದೆ ಸ್ವಿಚ್‌ಬೋರ್ಡ್ ಹೊಗೆಯಾಡತೊಡಗಿತು. ನಮ್ಮ ಎಲೆಕ್ಟ್ರಿಷಿಯನ್ ಎದ್ದು "ಸಾರ್, ಹಿಂದ್ಗಡೆ..." ಎಂದರೆ, "ಮಧ್ಯ ಬಾಯಿ ಹಾಕ್ಬೇಡಿ, ಪ್ರಶ್ನೆ ಎಲ್ಲಾ ಕೊನೇಲಿ" ಎಂದು ಕೂರಿಸಿದ. ಪರದೆಗೆ ಬೆಂಕಿ ಹತ್ತಿದಾಗ ಎಲ್ಲರಿಗಿಂತ ಮೊದಲು ಓಡಿದವನೂ ಅವನೇ.

ಬೆಂಕಿ ಆರಿಸಿದ ಮೇಲೆ ಸಂಜೆ ಅಂಗಳದಲ್ಲೇ ನನಗೆ 'ಉತ್ತಮ ಕೇಳುಗ' ಎಂಬ ಫಲಕ ಕೊಟ್ಟರು. ದಿನವಿಡೀ ತುಟಿ ಪಿಟಕ್ಕೆನ್ನದೆ ಕೂತಿದ್ದೆನಂತೆ. ಚಳಿಯಿದೆ, ಮಫ್ಲರ್ ತೆಗೆದುಕೊಂಡು ಹೋಗು ಎಂದು ನೀನು ಬಾಯಿ ಬಡಿದುಕೊಂಡರೂ ಬಿಟ್ಟು ಬಂದೆನಲ್ಲ, ಗಂಟಲು ಕಟ್ಟಿ ಸ್ವರವೇ ಹೊರಡುತ್ತಿಲ್ಲ. ಬಿಸಿನೀರು ಕುಡಿಯುತ್ತಿದ್ದೇನೆ, ಗಾಬರಿಯಾಗಬೇಡ. ಕಾರ್ಡು ತುಂಬಿತು.

ನಿನ್ನ ತಮ್ಮ,
ಉತ್ತಮ ಕೇಳುಗ