ನೂರ ಎಂಬತ್ತೇಳನೇ ಪುಟದ ಒಣಬಾವಿ

ಗಣಿಗೆ ಪರಿಸರ ಅನುಮತಿ ಕೊಡುವ ಕುರ್ಚಿಯಲ್ಲಿ ಕುಳಿತ ಮಾನ್ಯರೇ,

ತಮ್ಮ ಮೇಜಿನ ಮೇಲಿರುವ ವರದಿಯಲ್ಲಿ ‘ಬತ್ತಿದೆ, ಬಳಕೆಯಲ್ಲಿಲ್ಲ’ ಎಂದು ಬರೆದಿರುವ ಸೋರೆಕೊಪ್ಪಲಿನ ಬಾವಿಯಲ್ಲಿ ಇವತ್ತು ಬೆಳಿಗ್ಗೆ ಹನ್ನೊಂದು ಅಡಿ ನೀರಿತ್ತು. ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಸಿ ನಾನೇ ಅಳೆದೆ. ಮೂವತ್ತೆಂಟು ಮನೆಯವರು ಕುಡಿಯುವುದು ಅದೇ ನೀರನ್ನು. ಅಲ್ಲಿಂದ ನಾನೂರು ಮೀಟರ್ ದೂರದಲ್ಲಿ, ಬಿಳಿಕಲ್ಲಿಗಾಗಿ ತೊಂಬತ್ತು ಮೀಟರ್ ಆಳದ ತೆರೆದ ಗಣಿ ತೋಡಲು ಕಂಪನಿಯೊಂದು ಅರ್ಜಿ ಹಾಕಿದೆ. ಅರ್ಧ ಕಿಲೋಮೀಟರಿನೊಳಗೆ ಕುಡಿಯುವ ನೀರಿನ ಬಾವಿಯೇ ಇಲ್ಲವಾದ್ದರಿಂದ ಪರಿಣಾಮ ‘ನಗಣ್ಯ’ವಂತೆ. ಇದು ಸುಳ್ಳು, ಮಾನ್ಯರೇ. ಈ ಸುಳ್ಳು ಹುಟ್ಟಿದ ದಿನ ನಾನು ಅಲ್ಲೇ ಇದ್ದೆ, ಮೋಟಾರು ಹಾಕಿ ಬಾವಿ ಬರಿದು ಮಾಡಿದವನೂ ನಾನೇ.

ನನ್ನದು ಮಂಡಿ ಮೊಹಲ್ಲಾದಲ್ಲಿ ಮೋಟಾರ್ ರಿಪೇರಿ ಅಂಗಡಿ, ಮನೆ ಕುಂಬಾರಕೊಪ್ಪಲು. ನನ್ನ ಅಕ್ಕ ಚಲುವಮ್ಮನನ್ನು ಸೋರೆಕೊಪ್ಪಲಿಗೆ ಕೊಟ್ಟಿದೆ. ಹಿನಕಲ್ ದಾಟಿ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಯುಗಾದಿ ಕಳೆದ ಎರಡನೇ ಸೋಮವಾರ ಆ ಊರಿನವರು ಬಾವಿ ತೊಳೆಯುತ್ತಾರೆ. ಹಿಂದಿನ ದಿನವೇ ಹಂಡೆ, ಕೊಡ, ಬಕೆಟ್ಟು ಎಲ್ಲ ತುಂಬಿಟ್ಟುಕೊಂಡಿರುತ್ತಾರೆ. ಬೆಳಿಗ್ಗೆ ನಾನು ಗೂಡ್ಸ್ ಆಟೋದಲ್ಲಿ ಐದು ಎಚ್‌ಪಿ ಮೋಟಾರು ಹಾಕಿಕೊಂಡು ಹೋಗಿ ನೀರನ್ನೆಲ್ಲ ಎತ್ತಿ ಹೊಲಕ್ಕೆ ಬಿಡುತ್ತೇನೆ. ಗಂಡಸರು ಇಳಿದು ಹೂಳು ತೆಗೆದು, ಗೋಡೆ ಉಜ್ಜಿ, ಸುಣ್ಣ ಹಾಕುತ್ತಾರೆ. ಮರುದಿನ ಹೊತ್ತು ಹುಟ್ಟುವವರೆಗೆ ಯಾರೂ ಬಿಂದಿಗೆ ಇಳಿಸುವಂತಿಲ್ಲ, ಬಾವಿಗೂ ಒಂದು ದಿನ ಬಿಡುವು ಬೇಕು ಅನ್ನುವುದು ಅಲ್ಲಿನ ರೂಢಿ. ಬೆಳಗಾಗುವಷ್ಟರಲ್ಲಿ ತಿಳಿನೀರು ಬಂದು ನಿಂತಿರುತ್ತದೆ.

ಕಂಪನಿ ನೇಮಿಸಿದ ಸರ್ವೆಯವರು ಹೋದ ವರ್ಷ ಜೀಪಿನಲ್ಲಿ ಬಂದಿಳಿದದ್ದು ಅದೇ ಸೋಮವಾರ, ಅದೇ ಮಧ್ಯಾಹ್ನ. ನಾನು ಬಾವಿಯ ತಳದಲ್ಲಿ ಮೊಣಕಾಲುದ್ದ ಕೆಸರಿನಲ್ಲಿ ನಿಂತಿದ್ದೆ. ಮೇಲೆ ಟೋಪಿ ಹಾಕಿದ ತಲೆಯೊಂದು ಇಣುಕಿತು. ಯಾರೋ ಫೋಟೋ ತೆಗೆಯುತ್ತಿದ್ದಾರೆ ಅಂತ ಕೈ ಬೀಸಿದೆ, ನೋಡಿ ನನ್ನ ಬುದ್ಧಿ. ಅವರಿಗೆ ಬಾಯಾರಿತ್ತು, ಅಕ್ಕನ ಜಗಲಿಗೆ ಹೋಗಿ ಕುಡಿಯಲು ನೀರು ಕೇಳಿದರು. ಬಂದವರಿಗೆ ಹಂಡೆಯ ಹಳೇ ನೀರು ಕೊಡುವುದು ಹೇಗೆ ಅಂತ ಅಕ್ಕನಿಗೆ ಸಂಕೋಚ. “ಇವತ್ತು ನಮ್ ಬಾವೀಲಿ ನೀರಿಲ್ಲ ಕಣ್ರಪ್ಪ, ಕೂತ್ಕಳಿ, ಮಜ್ಜಿಗೆ ಕೊಡ್ತೀನಿ” ಅಂದಳು. ಅವರು ಎರಡೆರಡು ಲೋಟ ಕುಡಿದರು. ಒಂದು ಕಾಗದ ಚಾಚಿ, ನಾವು ಬಂದಿದ್ದಕ್ಕೆ ಒಂದು ಸಹಿ ಹಾಕಿ ಅಂದರು. ಅಕ್ಕ ಅಕ್ಷರ ಕಲಿತದ್ದು ನಲವತ್ತು ದಾಟಿದ ಮೇಲೆ, ಸಾಕ್ಷರತಾ ತರಗತಿಯಲ್ಲಿ. ಸಹಿ ಕೇಳಿದರೆ ಅವಳಿಗೆ ಹಬ್ಬ. ಗುಂಡುಗುಂಡಾಗಿ ಬರೆದುಕೊಟ್ಟಳು.

ಅಂದು ಕುಡಿದ ಮಜ್ಜಿಗೆಗೆ ನೀರು ಎಲ್ಲಿಂದ ಬಂತು ಎಂದು ಆ ವಿದ್ಯಾವಂತರಲ್ಲಿ ಒಬ್ಬರಿಗಾದರೂ ಅನುಮಾನ ಬರಬಾರದಿತ್ತೇ? ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ನಮ್ಮ ಹಿರಿಯರು ಹೇಳಿದ್ದು ಇಂಥವರಿಗೇ.

ವರದಿ ನಾನೂರ ಹನ್ನೆರಡು ಪುಟ, ಇಂಗ್ಲಿಷಿನಲ್ಲಿ. ನಮ್ಮಂಥವರಿಗೆಂದು ಕನ್ನಡದಲ್ಲಿ ಒಂಬತ್ತು ಪುಟದ ಸಾರಾಂಶ. ಅದರಲ್ಲಿ ಬಾವಿಯ ಸುದ್ದಿಯೇ ಇಲ್ಲ. ನನ್ನ ಪಕ್ಕದ ಅಂಗಡಿಯ ಆರೋಗ್ಯಸ್ವಾಮಿ ನಾಲ್ಕು ಭಾನುವಾರ ಪೂಜೆ ಮುಗಿಸಿ ಚರ್ಚಿನಿಂದ ನೇರ ನನ್ನ ಮನೆಗೆ ಬಂದು, ಕನ್ನಡಕ ಒರೆಸಿಕೊಳ್ಳುತ್ತಾ ಓದಿ ಹೇಳಿದರು. ನೂರ ಎಂಬತ್ತೇಳನೇ ಪುಟಕ್ಕೆ ಬಂದಾಗ ನಿಲ್ಲಿಸಿ, “ಸ್ವಾಮೀ, ಈ ಫೋಟೋದಲ್ಲಿ ಒಂದು ಕೈಲಿ ಮಂಕರಿ ಹಿಡ್ಕೊಂಡು ಇನ್ನೊಂದು ಕೈ ಬೀಸ್ತಿರೋದು ನೀವಲ್ವಾ?” ಅಂದರು. ನಾನೇ. ಕೆಳಗೆ ‘ಒಣಬಾವಿ’ ಎಂಬ ಶೀರ್ಷಿಕೆ, ಅದರ ಕೆಳಗೆ ಅಕ್ಕನ ಸಹಿ.

ಮರುದಿನವೇ ತಮ್ಮ ಕಚೇರಿಗೆ ಓಡಿದೆ. “ಫೋಟೋ ಇದೆ, ಸಹಿ ಇದೆ, ಇನ್ನೇನ್ರೀ ಬೇಕು?” ಅಂದರು ಗುಮಾಸ್ತರು. “ಸಾರ್, ಆ ಫೋಟೋದಲ್ಲಿರೋದು ನಾನೇ” ಅಂದೆ. ಅವರು ಫೋಟೋ ನೋಡಿದರು, ನನ್ನ ಮುಖ ನೋಡಿದರು. “ಅಂದ್ಮೇಲೆ ನೀರಿರ್ಲಿಲ್ಲ ಅನ್ನೋದಕ್ಕೆ ನೀವೇ ಸಾಕ್ಷಿಯಾದ್ರಲ್ರೀ” ಅಂದರು. ಇಂಥ ಜಾಣರು ಕೈಕೆಳಗಿರುವಾಗ ತಮಗೆ ರಾತ್ರಿ ಒಳ್ಳೆಯ ನಿದ್ದೆ ಬರುತ್ತಿರಬೇಕು. ನನಗೆ ಬರುತ್ತಿಲ್ಲ.

ಇನ್ನೊಂದು ಚೋದ್ಯ ಕೇಳಿ. ಇನ್ನೂರ ಮೂರನೇ ಪುಟದಲ್ಲಿ, ಕಂಪನಿ ಕೊಳವೆಬಾವಿಗಳಿಂದ ದಿನಕ್ಕೆ ಆರು ಲಕ್ಷ ಲೀಟರ್ ನೀರೆತ್ತಲಿದೆ, ಅಂತರ್ಜಲ ‘ಸಾಕಷ್ಟಿದೆ’ ಎಂದು ಬರೆದಿದೆ. ಹದಿನಾರು ಪುಟಗಳ ಹಿಂದೆ ಬತ್ತಿದ್ದ ನೆಲದಲ್ಲಿ ಇಷ್ಟು ನೀರು ಉಕ್ಕಿದ್ದು ಹೇಗೆ, ಮಾನ್ಯರೇ? ಮೂವತ್ತೆಂಟು ಮನೆಗೆ ಸಿಗದ ನೀರು ಕಂಪನಿಯ ಪೈಪಿಗೆ ಮಾತ್ರ ಸಿಗುತ್ತದೆಯೇ? ಗಣಿ ಆಳಕ್ಕೆ ಹೋದಂತೆ ಸುತ್ತಲಿನ ನೀರು ಆ ಹೊಂಡಕ್ಕೆ ಇಳಿಯುತ್ತದೆ ಎಂದು ತಿಳಿಯಲು ಎಂಜಿನಿಯರೇ ಆಗಬೇಕಿಲ್ಲ, ಮೋಟಾರು ಮೆಕ್ಯಾನಿಕ್ ಆದರೂ ಸಾಕು. ‘ಅಗತ್ಯವೆನಿಸಿದಲ್ಲಿ ಟ್ಯಾಂಕರ್ ಒದಗಿಸಲಾಗುವುದು’ ಅಂತಲೂ ಇದೆ. ಯಾರಿಗೆ ಅನಿಸಬೇಕು? ಕುಂಬಾರಕೊಪ್ಪಲಿನಲ್ಲಿ ನಲ್ಲಿ ಕೈಕೊಟ್ಟ ದಿನ ಟ್ಯಾಂಕರಿಗೆ ಕಾದು ನಿಂತವನು ನಾನು. ಅದು ಬರುವ ಹೊತ್ತಿಗೆ ಬಾಯಾರಿಕೆಯೇ ಮರೆತುಹೋಗಿರುತ್ತದೆ.

ಇದೆಲ್ಲ ಲೆಕ್ಕಾಚಾರದ ಮಾತು. ನನ್ನ ಹೊಟ್ಟೆ ಉರಿಯುತ್ತಿರುವುದು ಬೇರೆ ವಿಷಯಕ್ಕೆ. ಬಾವಿಕಟ್ಟೆಯ ಮೇಲೆ ಯಾರೋ ಅಕ್ಕನಿಗೆ “ನಿನ್ ಸೈನೇ ನಮ್ ನೀರು ತಿಂದಾಕ್ತು” ಅಂದರಂತೆ. ಈಗ ಅವಳು ಎಲ್ಲರೂ ಸೇದಿಕೊಂಡು ಹೋದ ಮೇಲೆ ಒಬ್ಬಳೇ ಬಿಂದಿಗೆ ಹಿಡಿದು ಹೋಗುತ್ತಾಳೆ. ಮಹಿಳಾ ಸಂಘದ ಹಾಜರಿ ಪುಸ್ತಕಕ್ಕೆ ಸಹಿ ಮಾಡುವುದಿಲ್ಲ, ಹೆಬ್ಬೆಟ್ಟು ಒತ್ತುತ್ತಾಳೆ.

ಈ ವರ್ಷದ ಆ ಸೋಮವಾರ ಬಂತು, ಹೋಯಿತು. ಹಿಂದಿನ ದಿನವೇ ಅಕ್ಕ ಫೋನ್ ಮಾಡಿದ್ದಳು. “ಮೋಟ್ರು ತರಬ್ಯಾಡ ಕಣೋ. ಬಾವಿ ಬರಿದಾಗಿರೋ ಹೊತ್ನಲ್ಲಿ ಇನ್ಯಾರಾದ್ರೂ ಬಂದ್ಬುಟ್ರೆ ಎಂಗೆ?” ಊರಿನವರದೂ ಅದೇ ಭಯ. ಬಾವಿ ತೊಳೆಯದೆ ನೀರಿಗೆ ವಾಸನೆ ಹತ್ತಿದೆ, ಮಕ್ಕಳಿಗೆ ಕಾಯಿಸಿ ಕೊಡುತ್ತಿದ್ದಾರೆ. ತಮ್ಮ ಗಣಿ ಇನ್ನೂ ಒಂದು ಬುಟ್ಟಿ ಮಣ್ಣು ತೆಗೆದಿಲ್ಲ, ಬಾವಿ ಆಗಲೇ ಕೆಡುತ್ತಿದೆ.

ಬರುವ ಹದಿನೆಂಟಕ್ಕೆ ಅಹವಾಲು ಸಭೆ. ಅದಕ್ಕೆ ಮೊದಲು ತಾವೇ ಬಂದು ನೋಡಬೇಕು. ಯಾವ ದಿನವಾದರೂ ಸರಿ, ಹೇಳದೆ ಬಂದರೂ ಸರಿ, ಹಗ್ಗ ಅಲ್ಲೇ ಇರುತ್ತದೆ. ನೀರಿನ ಆಳ ಅಳೆದು, ಆ ಪುಟದ ಆ ಸಾಲನ್ನು ಹೊಡೆದು ಹಾಕಿ. ಅಲ್ಲಿಯವರೆಗೆ ಕಡತ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗಕೂಡದು. ತಾವು ಬಂದು ಹೋದ ಮಾರನೆಯ ದಿನ ನಾನು ಮೋಟಾರು ತರುತ್ತೇನೆ, ಮಳೆ ಹಿಡಿಯುವ ಮೊದಲು ಬಾವಿ ತೊಳೆಯಬೇಕಾಗಿದೆ. ಅಕ್ಕ ತಮಗೂ ಮಜ್ಜಿಗೆ ಕೊಡುತ್ತಾಳೆ, ಕುಡಿಯಿರಿ. ಕಾಗದಕ್ಕೆ ಮಾತ್ರ ಈ ಸಲ ತಾವೇ ಸಹಿ ಹಾಕಿ, ಅವಳನ್ನು ಕೇಳಬೇಡಿ.

ಇಂತಿ,
ತಮ್ಮ ವರದಿಯ ಫೋಟೋದಲ್ಲಿ ಬಾವಿಯ ತಳದಿಂದ ಕೈ ಬೀಸುತ್ತಿರುವವನು,
ಮಹದೇವಸ್ವಾಮಿ
ಮೋಟಾರ್ ರಿಪೇರಿ, ಮಂಡಿ ಮೊಹಲ್ಲಾ, ಮೈಸೂರು