ಮೇಡ್ಲೇರಿ ಹೊಳೆಯ ಗಾಜಿನ ಚಿಪ್ಪು

ಮೇ 21, ರಾಣೆಬೆನ್ನೂರು
ಮತ್ತೆ ಮೇಡ್ಲೇರಿ. ಮೊಣಕಾಲುದ್ದ ಹೊಳೆ, ಹಳೆ ಟೂತ್‌ಬ್ರಷ್, ಕಲ್ಲಿನ ಮೇಲಿನ ಕಂದು ಲೋಳೆ. ಅದೇ ನನ್ನ ಪಿಎಚ್.ಡಿ. ಲೋಳೆಯ ತುಂಬ ಡಯಾಟಮ್ — ಗಾಜಿನ ಚಿಪ್ಪು ಕಟ್ಟಿಕೊಳ್ಳುವ ಒಂಟಿಕೋಶದ ಪಾಚಿ. ಭಟ್ಟಿಯಿಲ್ಲ, ಬೆಂಕಿಯಿಲ್ಲ, ತಣ್ಣೀರಲ್ಲಿ ಗಾಜು. ಕಟ್ಟುವ ಮೇಸ್ತ್ರಿ ಪ್ರೋಟೀನ್ ಅಂತೆ. ಆ ಮೇಸ್ತ್ರಿಯನ್ನು ಒಮ್ಮೆ ಕಣ್ಣಾರೆ ನೋಡಬೇಕು. ಗೈಡ್ ಮೇಡಂ ಖಡಾಖಂಡಿತ ಹೇಳಿದ್ದಾರೆ: ಮಳೆಗಾಲದೊಳಗೆ ತೋರಿಸು, ಇಲ್ಲ ವಿಷಯ ಬದಲಿಸು.

ಮೇ 22
ಧಾರವಾಡದ ಲ್ಯಾಬ್ ಸೋಮವಾರದವರೆಗೆ ಬಂದ್. ಮನೆಯ ಫ್ರಿಜ್ ಕೆಟ್ಟಿದೆ. ತಂಪಿಲ್ಲದಿದ್ದರೆ ಲೋಳೆಯ ಪ್ರೋಟೀನ್ ಹಾಳು. ಜಾವೇದ ಮಾಮು ಬ್ಯಾಡಗಿಯಲ್ಲಿ ಕೋಲ್ಡ್ ಸ್ಟೋರೇಜ್ ಸೂಪರ್‌ವೈಸರ್. ಲೋಳೆಯ ಬಾಟಲಿಯನ್ನು ಅವರ ಮೆಣಸಿನಕಾಯಿ ಚೀಲಗಳ ಪಕ್ಕ ಇಟ್ಟು ಬಂದೆ, ಸೀನುತ್ತ. ಅರ್ಧ ಲೋಟದಷ್ಟು ಮಾತ್ರ ಮನೆಯಲ್ಲಿಟ್ಟುಕೊಂಡು ಪೆರಾಕ್ಸೈಡ್‌ನಲ್ಲಿ ಕುದಿಸಿದೆ, ಬರೀ ಸ್ಲೈಡ್‌ಗೆ. ಜೀವದ ಅಂಶವೆಲ್ಲ ಸುಟ್ಟು ಬರಿ ಚಿಪ್ಪು ಉಳಿಯಿತು. ಮನೆಯ ಹಳೆ ಮೈಕ್ರೋಸ್ಕೋಪಿನಲ್ಲಿ ನೋಡಿದೆ: ದೋಣಿಯಾಕಾರ, ಮೈತುಂಬ ಸಾಲು ತೂತು... ಎಷ್ಟು ಚಂದ.

ಮೇ 25, ಬ್ಯಾಡಗಿ ಸ್ಟೇಷನ್
ಬಾಟಲಿ ಖಾಲಿ. ಮಾಮು ತೊಳೆದು ಬೋರಲು ಹಾಕಿದ್ದರು.
“ನಿಂದು ಕೆಟ್ಟು ಬೂಷ್ಟು ಹಿಡದೈತಿ ಅನ್ಕೊಂಡೆ ಬೇಟಾ. ಚೀಲಕ್ಕ ಹತ್ತಿದ್ರ ರೂಮಿನ ಮಾಲೆಲ್ಲಾ ಹೋಗ್ತೈತಿ. ಅಂಥಾದ್ದು ಕಂಡ್ರ ನಾವು ಮೊದಲ ಚೆಲ್ಲೋದು. ಬಾಟ್ಲಿ ಸ್ವಚ್ಛ ಮಾಡಿಟ್ಟೇನಿ ನೋಡು.”
ಸಿಟ್ಟು ನೆತ್ತಿಗೇರಿತು. ಬಾಟಲಿ ಕಸಿದುಕೊಂಡು ಬಂದೆ. ಪ್ಲಾಟ್‌ಫಾರ್ಮ್‌ನಲ್ಲೇ ಅತ್ತೆ. ಹೊಳೆಗೂ ಮೇಲಿನ ಅಣೆಕಟ್ಟಿಂದ ನೀರು ಬಿಟ್ಟಿದ್ದಾರೆ, ಕಲ್ಲೆಲ್ಲ ಮುಳುಗಿವೆ, ಮತ್ತೆ ಲೋಳೆ ಸಿಗದು.

ಮೇ 27
ಉಳಿದದ್ದು ಕುದಿಸಿದ ಚಿಪ್ಪು. ಅದರಲ್ಲೇನೂ ಇರದು, ಪೆರಾಕ್ಸೈಡ್ ಎಲ್ಲ ಸುಟ್ಟಿರುತ್ತದೆ ಎಂದರು ಮೇಡಂ. ಆದರೆ... ಹೊರಗಿನದು ಸುಟ್ಟಿತು, ಸರಿ. ಗಾಜು ಕಟ್ಟುವಾಗಲೇ ಒಳಗೆ ಸಿಕ್ಕಿಕೊಂಡದ್ದು? ಅಲ್ಲಿಗೆ ಪೆರಾಕ್ಸೈಡ್ ಹೇಗೆ ಹೋದೀತು? ತಲೆಯಲ್ಲಿ ಹುಳ ಹೊಕ್ಕಿದೆ. ಲೋಳೆ ಕೈಯಲ್ಲಿದ್ದಿದ್ದರೆ ಈ ಪ್ರಶ್ನೆ ಕೇಳುತ್ತಲೇ ಇರಲಿಲ್ಲ.

ಜೂನ್ 10, ಧಾರವಾಡ
ಚಿಪ್ಪು ಕರಗಿಸಲು ಅಮೋನಿಯಂ ಫ್ಲೋರೈಡ್. ಗಾಜಿನ ಪಾತ್ರೆ ನಡೆಯದು, ಅದನ್ನೂ ತಿನ್ನುತ್ತದೆ, ಎಲ್ಲ ಪ್ಲಾಸ್ಟಿಕ್. ಕರಗಿದ್ದನ್ನು ಪ್ರೋಟೀನ್ ಬೇರ್ಪಡಿಸುವ ಜೆಲ್‌ಗೆ ಹಾಕಿ ನೀಲಿ ಬಣ್ಣದಲ್ಲಿ ಅದ್ದಿದ್ದೇನೆ. ತೊಳೆದ ಮೇಲೆ ಪ್ರೋಟೀನ್ ಇದ್ದಲ್ಲಿ ಮಾತ್ರ ನೀಲಿ ಉಳಿಯಬೇಕು.
ಮಾಮು ಫೋನ್. “ಏನರ ಸಿಕ್ತೇನು?”
“ಇನ್ನೂ ಇಲ್ರಿ ಮಾಮು.”
“ಆ ಬಾಟ್ಲಿ ಚೆಲ್ಲಿದಾಗಿಂದ ಊಟ ಸೇರವಲ್ದು ನನಗ.”
ಪಾಪ ಅನ್ನಿಸಿತು. ಸಿಟ್ಟು ಯಾವಾಗ ಇಳಿಯಿತೋ ಗೊತ್ತಿಲ್ಲ.

ಸಂಜೆ
ತೊಳೆಯುತ್ತಿದ್ದೇನೆ. ಮೇಡಂ ಪಕ್ಕದಲ್ಲೇ. ಚಿಪ್ಪು ಹಾಕದ ಸಾಲು ತಿಳಿಯಾಯಿತು. ಚಿಪ್ಪಿನ ಸಾಲಿನ ತಳದಲ್ಲಿ ಒಂದು ನೀಲಿ ಗೆರೆ. ತೆಳ್ಳಗೆ. ಇನ್ನೊಮ್ಮೆ ತೊಳೆದೆ. ಹೋಗಲಿಲ್ಲ. “ಒಳಗಿಂದೇ ಬಂದಿರಬೇಕು, ಹೊರಗೆ ಬೇರೇನೂ ಉಳಿದಿರಲಿಲ್ಲವಲ್ಲ” ಎಂದರು ಮೇಡಂ. ವಿಷಯ ಬದಲಿಸುವ ಮಾತೇ ಇಲ್ಲ.
ಮಾಮುಗೆ ಫೋನ್ ಹಚ್ಚಿದೆ. “ಮಾಮು, ಅವತ್ತ ನೀವು ಚೆಲ್ಲದ ಹೋಗಿದ್ರ...” ಅನ್ನುವಷ್ಟರಲ್ಲಿ ಅವರು, ನಾನು ಬೈಯುತ್ತಿದ್ದೇನೆ ಅಂದುಕೊಂಡು, “ತಪ್ಪಾತು ಬೇಟಾ, ತಪ್ಪಾತು” ಅನ್ನತೊಡಗಿದರು. ಅಲ್ರಿ ಮಾಮು, ಕೇಳ್ರಿ —